ಪ್ರಶ್ನೋತ್ತರ: ಎರಡು ಸೀಸನ್‌ನ ರನ್ ಡಿಫೆನ್ಸ್ ಹೋಲಿಸೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಮಿಷಿಗನ್‌ನಲ್ಲಿ ಎಂಎಸ್ ಮಾಡ್ತಿದೀನಿ, ಇಲ್ಲಿಗೆ ಬಂದ್ಮೇಲೆ ಕಾಲೇಜ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಹುಚ್ಚು ಹಿಡಿದಿದೆ. 2022, 2023 ಎರಡೂ ಸೀಸನ್‌ನಲ್ಲಿ ನಮ್ಮ ಮಿಷಿಗನ್ ಟೀಮ್ ಪಂದ್ಯಕ್ಕೆ ಸರಾಸರಿ 100 ರಶಿಂಗ್ ಯಾರ್ಡ್ (ಎದುರಾಳಿ ಚೆಂಡು ಹಿಡ್ಕೊಂಡು ಓಡಿದ ದೂರ) ಒಳಗೇ ಬಿಟ್ಕೊಟ್ಟಿದೆ. ಆದ್ರೆ 2022ರ ಸೆಮಿಫೈನಲ್‌ನಲ್ಲಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) 263 ಯಾರ್ಡ್ ಓಡಿ 51-45ಕ್ಕೆ ಸೋಲಿಸ್ತು, 2023ರಲ್ಲಿ ನಾವು ಚಾಂಪಿಯನ್. ನಂಬರ್ ನೋಡಿದ್ರೆ ಎರಡೂ ಒಂದೇ, ಹಾಗಾದ್ರೆ ಯಾವ ವರ್ಷದ ಡಿಫೆನ್ಸ್ ಚೆನ್ನಾಗಿತ್ತು ಅಂತ ಹೇಗೆ ಹೇಳೋದು?

ಉತ್ತರ: ಒಳ್ಳೆ ಪ್ರಶ್ನೆ. ನನ್ನ ಕೆಲಸಾನೇ ಕಾಲೇಜ್ ಫುಟ್‌ಬಾಲ್ ಡೇಟಾ ನೋಡೋದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಮೊದಲು ಆ "ಪಂದ್ಯಕ್ಕೆ ಇಷ್ಟು ಯಾರ್ಡ್" ಅನ್ನೋ ನಂಬರ್‌ನ ಪಕ್ಕಕ್ಕಿಡಿ. ಪಿಚ್ ಯಾವ್ದು, ಎದುರಾಳಿ ಯಾರು, ಎಷ್ಟು ಓವರ್ ಹಾಕಿದ್ರು ಅಂತ ನೋಡದೆ ಬೌಲರ್‌ ಕೊಟ್ಟ ರನ್ ಮಾತ್ರ ಎಣಿಸಿದ ಹಾಗೆ ಅದು. ನಿಮ್ಮ ಟೀಮ್ 30 ಪಾಯಿಂಟ್ ಮುಂದಿದ್ರೆ ಎದುರಾಳಿ ಓಡೋದೇ ಬಿಟ್ಟು ಬರೀ ಪಾಸ್ ಮಾಡ್ತಾರೆ, ನಿಮ್ಮ ರನ್ ಡಿಫೆನ್ಸ್ ತಾನಾಗೇ ಚೆನ್ನಾಗಿ ಕಾಣುತ್ತೆ.

ಎಲ್ಲಕ್ಕಿಂತ ದೊಡ್ಡ ಮೋಸ ಸ್ಯಾಕ್‌ದು, ಅಂದ್ರೆ ಚೆಂಡು ಎಸೆಯೋ ಆಟಗಾರ ಕ್ವಾರ್ಟರ್‌ಬ್ಯಾಕ್‌ನ ಪಾಸ್ ಮಾಡೋ ಮುಂಚೆನೇ ಹಿಂದೆ ಕೆಡವೋದು. ಎನ್‌ಎಫ್‌ಎಲ್‌ನಲ್ಲಿ (ಪ್ರೊಫೆಷನಲ್ ಲೀಗ್) ಸ್ಯಾಕ್‌ನಲ್ಲಿ ಹೋದ ಯಾರ್ಡ್‌ನ ಪಾಸಿಂಗ್‌ನಿಂದ ಕಳೀತಾರೆ, ಕಾಲೇಜ್‌ನಲ್ಲಿ ರಶಿಂಗ್‌ನಿಂದ ಕಳೀತಾರೆ. ಅಂದ್ರೆ ಪಾಸ್ ರಶ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋದು) ಚೆನ್ನಾಗಿರೋ ಟೀಮ್‌ಗೆ ರನ್ ಡಿಫೆನ್ಸ್‌ನಲ್ಲಿ ಪುಕ್ಕಟೆ ಮಾರ್ಕ್ಸ್. ಲೆಕ್ಕ ಮಾಡಿ ನೋಡಿ: 35 ಕ್ಯಾರಿ (ಚೆಂಡು ಹಿಡ್ಕೊಂಡು ಓಡಿದ ಸಲ), 140 ಯಾರ್ಡ್ ಅಂದ್ರೆ ಕ್ಯಾರಿಗೆ 4, ಪರವಾಗಿಲ್ಲ ಅನ್ಸುತ್ತೆ. ಅದರಲ್ಲಿ 5 ಸ್ಯಾಕ್, ಮೈನಸ್ 30 ಯಾರ್ಡ್ ಇದ್ರೆ ನಿಜವಾಗಿ ಓಡಿದ್ದು 30 ಸಲ, 170 ಯಾರ್ಡ್, ಕ್ಯಾರಿಗೆ 5.7. ಅದು ಕೆಟ್ಟ ದಿನ. 2023ರ ಸೀಸನ್‌ನ ರೋಸ್ ಬೌಲ್‌ನೇ (ಆ ಸೀಸನ್‌ನ ಸೆಮಿಫೈನಲ್) ತಗೊಳ್ಳಿ, ಅಲಬಾಮಾ ಖಾತೇಲಿ 172 ರಶಿಂಗ್ ಯಾರ್ಡ್ ಇದೆ, ಆದ್ರೆ ಮಿಷಿಗನ್ ಅವತ್ತು 6 ಸ್ಯಾಕ್ ಮಾಡಿತ್ತು, ಸ್ಯಾಕ್‌ಗೆ 6 ಯಾರ್ಡ್ ಅಂತ ಇಟ್ಕೊಂಡ್ರೂ ನಿಜವಾದ ಓಟ 200 ದಾಟುತ್ತೆ. ಅದೇ ಡಿಫೆನ್ಸ್ ಓವರ್‌ಟೈಮ್‌ನ ಕೊನೇ ಪ್ಲೇನಲ್ಲಿ ಅಲಬಾಮಾ ಕ್ವಾರ್ಟರ್‌ಬ್ಯಾಕ್ ಮಿಲ್ರೋನ ಗೋಲ್ ಲೈನ್ ಹತ್ರ ನಿಲ್ಲಿಸ್ತು, ಒಂದು ವಾರ ಆದ್ಮೇಲೆ ಫೈನಲ್‌ನಲ್ಲಿ ವಾಷಿಂಗ್ಟನ್‌ನ 46 ರಶಿಂಗ್ ಯಾರ್ಡ್‌ಗೆ ಕಟ್ಟಿಹಾಕ್ತು.

ಹಾಗಾಗಿ ಸ್ಯಾಕ್ ತೆಗೆದು, ಸ್ಕೋರ್ ಅಂತರ ತೀರಾ ದೊಡ್ಡದಾದ ಮೇಲಿನ ಪ್ಲೇಗಳನ್ನ ತೆಗೆದು, ಕ್ವಾರ್ಟರ್‌ಬ್ಯಾಕ್ ಸಮಯ ಕಳೆಯೋಕೆ ಮಂಡಿಯೂರಿದ್ದನ್ನೂ ತೆಗೆದು, ಆಮೇಲೆ ಸಕ್ಸೆಸ್ ರೇಟ್ ನೋಡಿ. ಹತ್ತು ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಪ್ರಯತ್ನಗಳೇ ಡೌನ್; ಫಸ್ಟ್ ಡೌನ್‌ನಲ್ಲಿ ಬೇಕಾದ ಯಾರ್ಡ್‌ನ ಅರ್ಧ, ಸೆಕೆಂಡ್‌ನಲ್ಲಿ 70%, ಥರ್ಡ್ ಫೋರ್ತ್‌ನಲ್ಲಿ ಪೂರ್ತಿ ಸಿಕ್ರೆ ಆ ಓಟ ಸಕ್ಸಸ್. ಜೊತೆಗೆ ಲೈನ್ ಆಫ್ ಸ್ಕ್ರಿಮೇಜ್‌ನಲ್ಲೇ (ಪ್ಲೇ ಶುರುವಾಗೋ ಗೆರೆ) ಅಥವಾ ಅದಕ್ಕೂ ಹಿಂದೆ ಎಷ್ಟು ಓಟ ನಿಂತವು, 10 ಯಾರ್ಡ್ ಮೀರಿದ್ದು ಎಷ್ಟು, ಇವೆರಡನ್ನೂ ಬೇರೆ ಬೇರೆ ಬರ್ಕೊಳ್ಳಿ. ಯಾಕಂದ್ರೆ ಪ್ರತಿ ಸಲ 4 ಯಾರ್ಡ್ ಬಿಡೋ ಟೀಮ್‌ಗೂ ಹತ್ತು ಸಲ ಗೋಡೆ ಥರ ನಿಂತು ಒಂದು ಸಲ 60 ಯಾರ್ಡ್ ಬಿಡೋ ಟೀಮ್‌ಗೂ ರೋಗ ಬೇರೆ. ಮೊದಲನೇದು ಮುಂದಿನ ಲೈನ್‌ದು, ಎರಡನೇದು ಹೆಚ್ಚಾಗಿ ಅವರ ಹಿಂದೆ ನಿಲ್ಲೋ ಲೈನ್‌ಬ್ಯಾಕರ್, ಸೇಫ್ಟಿಗಳ ಟ್ಯಾಕ್ಲಿಂಗ್‌ದು.

ಇನ್ನೊಬ್ಬ ಸದಸ್ಯರು: ಹಾಗಾದ್ರೆ ಟಿಸಿಯು ಮ್ಯಾಚ್ ಒಂದು ಆಕಸ್ಮಿಕ ಅಂತ ಬಿಟ್ಬಿಡ್ಬಹುದಾ?

ಉತ್ತರ: ಬಿಡ್ಬಾರ್ದು ಸರ್. ವರ್ಷಕ್ಕೆ ಇರೋದೇ 14-15 ಪಂದ್ಯ, ಒಂದು ಮ್ಯಾಚ್ ಸರಾಸರಿನ ಹತ್ತು ಯಾರ್ಡ್‌ಗಿಂತ ಜಾಸ್ತಿ ಎಳೀಬಹುದು ನಿಜ, ಆದ್ರೆ ಬಲವಾದ ಟೀಮ್ ಎದುರು ಆಡಿದ್ದಕ್ಕೇ ಬೆಲೆ ಜಾಸ್ತಿ. ಅದೇ ಟಿಸಿಯು ಒಂಬತ್ತು ದಿನ ಆದ್ಮೇಲೆ ಫೈನಲ್‌ನಲ್ಲಿ ಜಾರ್ಜಿಯಾ ಎದುರು ಓಡಿದ್ದು 36 ಯಾರ್ಡ್, ಸೋತಿದ್ದು 65-7. ಅವರ ಮುಖ್ಯ ರನ್ನಿಂಗ್ ಬ್ಯಾಕ್ ಕೆಂಡ್ರೆ ಮಿಲ್ಲರ್ ಗಾಯ ಆಗಿ ಫೈನಲ್ ಆಡ್ಲಿಲ್ಲ ಅನ್ನೋದೂ ಲೆಕ್ಕಕ್ಕೆ ಬರ್ಬೇಕು, ಆದ್ರೆ ಮಿಷಿಗನ್ ಎದುರು 150 ಯಾರ್ಡ್ ಓಡಿದ ಡೆಮರ್‌ಕಾಡೊ ಇದ್ದ. ಪ್ರತಿ ಎದುರಾಳಿ ಬೇರೆಯವರ ಮೇಲೆ ಕ್ಯಾರಿಗೆ ಎಷ್ಟು ಓಡ್ತಾರೆ, ನಿಮ್ಮ ಮೇಲೆ ಎಷ್ಟು ಓಡಿದ್ರು, ಆ ವ್ಯತ್ಯಾಸಾನೇ ನಿಜವಾದ ಅಳತೆ. ಆರ್ಮಿ, ನೇವಿ ಟೀಮ್‌ಗಳ ಥರ ಆಪ್ಷನ್ (ಹೆಚ್ಚಾಗಿ ಓಡಿಯೇ ಆಡೋ ಪದ್ಧತಿ) ಆಡೋರು ಇದ್ರೆ ಇದು ಇನ್ನೂ ಮುಖ್ಯ.

ಸೀಸನ್‌ಗಳ ಮಧ್ಯೆ ನಿಯಮಾನೂ ಬದಲಾಗಿದೆ. 2023ರಿಂದ ಫಸ್ಟ್ ಡೌನ್ (ಹೊಸದಾಗಿ ನಾಲ್ಕು ಪ್ರಯತ್ನ) ಸಿಕ್ರೂ ಪ್ರತಿ ಅರ್ಧದ ಕೊನೇ ಎರಡು ನಿಮಿಷ ಬಿಟ್ರೆ ಗಡಿಯಾರ ನಿಲ್ಲಲ್ಲ, ಪ್ಲೇ ಕಮ್ಮಿ ಆಗುತ್ತೆ, ಪಂದ್ಯದ ಲೆಕ್ಕ ಇನ್ನೂ ದಾರಿ ತಪ್ಪಿಸುತ್ತೆ. 2002ಕ್ಕಿಂತ ಹಿಂದಿನ ಎನ್‌ಸಿಎಎ (ಕಾಲೇಜ್ ಕ್ರೀಡಾ ಸಂಸ್ಥೆ) ಅಂಕಿಅಂಶದಲ್ಲಿ ಬೌಲ್ ಪಂದ್ಯಗಳೇ (ಸೀಸನ್ ಕೊನೆಗೆ ಆಡೋ ವಿಶೇಷ ಪಂದ್ಯಗಳು) ಸೇರಿಲ್ಲ, ಹಳೇ ದಾಖಲೆ ಹೋಲಿಸೋರು ಗಮನಿಸಿ.

ನನ್ನ ಅಭಿಪ್ರಾಯ ಕೇಳಿದ್ರೆ 2023ರದ್ದೇ ಮೇಲು. ಡಿಫೆನ್ಸ್ ಕೋಚ್ (ಕೋಆರ್ಡಿನೇಟರ್) ಜೆಸ್ಸಿ ಮಿಂಟರ್ ಎರಡೂ ವರ್ಷ ಇದ್ರು, ಮುಂದಿನ ಲೈನ್‌ನ ಮೇಝಿ ಸ್ಮಿತ್ ಎನ್‌ಎಫ್‌ಎಲ್‌ಗೆ ಹೋದ, ಆದ್ರೆ 2022ರಲ್ಲಿ ಮೊದಲ ವರ್ಷದ ಹುಡುಗರಾಗಿದ್ದ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಆಗ ಬಲಿತಿದ್ರು, ಕ್ರಿಸ್ ಜೆಂಕಿನ್ಸ್ ಜೊತೆ ಸೇರಿ ಮಧ್ಯದಲ್ಲಿ ಮೂರು ಜನ ಸರದಿ ಮೇಲೆ ಆಡ್ತಿದ್ದಿದ್ರಿಂದ ಕೊನೇ ಕ್ವಾರ್ಟರ್‌ನಲ್ಲಿ ಸುಸ್ತಾಗ್ತಿರ್ಲಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಪ್ಲೇ ಬೈ ಪ್ಲೇ (ಒಂದೊಂದು ಪ್ಲೇಯ) ಡೇಟಾ ಎಲ್ಲಿ ಸಿಗುತ್ತೆ?

ಉತ್ತರ: ಕಾಲೇಜ್‌ಫುಟ್‌ಬಾಲ್‌ಡೇಟಾ ಡಾಟ್ ಕಾಮ್‌ನಲ್ಲಿ ಫ್ರೀಯಾಗಿ ಸಿಗುತ್ತೆ. ಸ್ಯಾಕ್‌ಗೆ ಅಲ್ಲಿ ಬೇರೆ ಟೈಪ್ ಇದೆ, ತೆಗೆಯೋದು ಸುಲಭ. ರಶಿಂಗ್ ಟಚ್‌ಡೌನ್‌ಗೂ ಬೇರೆ ಟೈಪ್ ಇದೆ, ಬರೀ ರಶ್ ಅಂತ ಫಿಲ್ಟರ್ ಹಾಕಿದ್ರೆ ಟಚ್‌ಡೌನ್ ಆದ ಉದ್ದ ಓಟಗಳೆಲ್ಲ ಬಿಟ್ಟುಹೋಗುತ್ತೆ, ಎರಡನ್ನೂ ಸೇರಿಸ್ಕೊಳ್ಳಿ.