ಕ್ಯಾಂಪಿಗೆ ಹೊರಟ ಶೆಟ್ಟರು

ಶೆಟ್ಟರಿಗೆ ಅಮೆರಿಕದ ವೀಸಾ ಸಿಕ್ಕಿತು. ಆದರೆ ಮೊಮ್ಮಗನ ಸ್ಕೌಟ್ ಕ್ಯಾಂಪಿನಲ್ಲಿ ಒಂದು ರಾತ್ರಿ ಮಲಗಲು ಮಾತ್ರ ಅನುಮತಿ ಸಿಕ್ಕಿಲ್ಲ. ಕಹಳೆ ಬಂಡೆ ಪಾರ್ಕಿನ ನಮ್ಮ ಕಲ್ಲುಬೆಂಚಿಗೆ ಆ ದಿನ ಇಷ್ಟು ಸಾಕಾಯಿತು.

"ನನ್ನ ಮಗನೇ ಫೋನಿನಲ್ಲಿ ಹೇಳುತ್ತಾನೆ ರೀ," ಎಂದರು ಶೆಟ್ಟರು. "ಅಪ್ಪಾ, ಕ್ಯಾಂಪಿನಲ್ಲಿ ರಾತ್ರಿ ಉಳಿಯುವ ದೊಡ್ಡವರೆಲ್ಲ ಸದಸ್ಯರಾಗಿ ಹೆಸರು ಬರೆಸಬೇಕಂತೆ. 2023ರ ಸೆಪ್ಟೆಂಬರಿನಿಂದ ಹಾಗೇ ನಿಯಮವಂತೆ. ಮಕ್ಕಳ ರಕ್ಷಣೆ ಬಗ್ಗೆ ಆನ್‌ಲೈನ್ ಪಾಠ ಮುಗಿಸಬೇಕು. ನಿಮ್ಮ ಮೇಲೆ ಕ್ರಿಮಿನಲ್ ಕೇಸು ಗೀಸು ಇದೆಯಾ ಅಂತ ನೋಡುತ್ತಾರೆ. ಆಮೇಲೆ ದೇವರನ್ನು ಒಪ್ಪುತ್ತೇನೆ ಅಂತ ಒಂದು ಸಹಿ, ಅಷ್ಟೇ ಅಂತಾನೆ."

ಅಷ್ಟೇ! ಬ್ಯಾಂಕ್ ರಾಯರು ನಕ್ಕ ರಭಸಕ್ಕೆ ವಾಕಿಂಗ್ ಮಾಡುತ್ತಿದ್ದವರು ತಿರುಗಿ ನೋಡಿದರು. ಕಾರಣ ಇದೆ. ಶೆಟ್ಟರು ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಎಚ್. ನರಸಿಂಹಯ್ಯನವರ ಶಿಷ್ಯರು. 1976ರಲ್ಲಿ ಎಚ್ಚೆನ್ ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗ ಇವರಿಗೆ ಮೀಸೆ ಚಿಗುರುತ್ತಿತ್ತು. ಆವತ್ತಿನಿಂದ ಇವತ್ತಿನವರೆಗೆ ಗುಡಿಯ ಒಳಗೆ ಕಾಲಿಟ್ಟಿಲ್ಲ. ಪ್ರಸಾದ ಮಾತ್ರ ಹೊರಗೆ ತಂದುಕೊಟ್ಟರೆ ತಿನ್ನುತ್ತಾರೆ, ಅದರಲ್ಲೂ ಪುಳಿಯೋಗರೆಯಾದರೆ ಎರಡು ಸಲ.

"ದೇವರ ವಿಷಯ ಬಿಡಿ, ಅದು ಸರಿಯಾಗೇ ಇದೆ," ಎಂದರು ಮೇಷ್ಟ್ರು. "ಈ ಕ್ರಿಮಿನಲ್ ಚೆಕ್ ಇದೆಯಲ್ಲ, ಅದು ಅವಮಾನ. ಅಜ್ಜನ ಮೇಲೇ ಅನುಮಾನವಾ?"

ಮೇಷ್ಟ್ರು ಹೈಸ್ಕೂಲಿನಲ್ಲಿ ಸ್ಕೌಟ್ ಮಾಸ್ಟರ್ ಆಗಿದ್ದವರು. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿನ ಶಿಬಿರಗಳಿಗೆ ಮಕ್ಕಳನ್ನು ಕರೆದುಕೊಂಡು ಹೋದದ್ದಕ್ಕೆ ಲೆಕ್ಕವೇ ಇಲ್ಲ. ಈಗಲೂ ಸಿಕ್ಕವರಿಗೆಲ್ಲ ಸ್ಕೌಟಿನ ಪದ್ಧತಿಯಂತೆ ಎಡಗೈ ಚಾಚುತ್ತಾರೆ. ಮಡಿವಂತ ರಾಯರು ಪ್ರತಿ ಸಲವೂ ದೂರದಿಂದಲೇ ಎರಡೂ ಕೈ ಜೋಡಿಸಿ ತಪ್ಪಿಸಿಕೊಳ್ಳುತ್ತಾರೆ.

ನೋಡಿ, ಹರಟೆಗೆ ಇದಕ್ಕಿಂತ ಒಳ್ಳೆಯ ದಿನ ಬೇಕಾ? ಒಂದೇ ಅರ್ಜಿ. ಅದರಲ್ಲಿ ಎರಡು ಮುಳ್ಳು. ಒಬ್ಬರಿಗೆ ಚುಚ್ಚಿದ್ದು ಇನ್ನೊಬ್ಬರಿಗೆ ಚುಚ್ಚುವುದಿಲ್ಲ. ಶೆಟ್ಟರು "ನನ್ನ ಹೆಸರಲ್ಲಿ ಎಷ್ಟು ಕೇಸಾದರೂ ಹುಡುಕಲಿ, ಪಾರ್ಕಿಂಗ್ ದಂಡ ಬಿಟ್ಟರೆ ಏನೂ ಸಿಗುವುದಿಲ್ಲ, ದೇವರ ಸಹಿ ಮಾತ್ರ ಕೇಳಬೇಡಿ" ಎನ್ನುತ್ತಾರೆ. ಮೇಷ್ಟ್ರು "ದೇವರಿಗೆ ಹತ್ತು ಸಹಿ ಹಾಕುತ್ತೇನೆ, ನನ್ನ ಶೀಲ ಪರೀಕ್ಷೆ ಮಾಡಬೇಡಿ" ಎನ್ನುತ್ತಾರೆ.

"ಸುಮ್ನೆ ಸಹಿ ಹಾಕಿಬಿಡಿ ಶೆಟ್ಟರೇ," ಎಂದರು ರಾಯರು. "ಯಾವ ದೇವರು ಅಂತ ಅವರೇನು ಕೇಳುವುದಿಲ್ಲವಲ್ಲ. ನಿಮ್ಮ ಮನೆಯವರನ್ನು ನೆನೆದು ಹಾಕಿ. ಹೇಗೂ ಅವರಿಗೇ ಹೆದರುತ್ತೀರಿ."

"ಅದು ಸುಳ್ಳಾಗುತ್ತದೆ ರಾಯರೇ. ಮೇಷ್ಟ್ರೇ, ನಿಮ್ಮ ಸ್ಕೌಟ್ ನಿಯಮದಲ್ಲಿ ಮೊದಲನೆಯದು ಯಾವುದು?"

"ಸ್ಕೌಟ್ ನಂಬಿಕೆಗೆ ಅರ್ಹ." ಮೇಷ್ಟ್ರ ಬೆನ್ನು ತಾನಾಗಿ ನೆಟ್ಟಗಾಯಿತು.

"ನಂಬಿಕೆಗೆ ಅರ್ಹ ಅನ್ನಿಸಿಕೊಳ್ಳಲು ಸುಳ್ಳು ಸಹಿ ಹಾಕಲಾ?"

ಮೇಷ್ಟ್ರ ಬೆನ್ನು ಸ್ವಲ್ಪ ಬಾಗಿತು. ಆದರೂ ಬಿಡಲಿಲ್ಲ. "ನಮ್ಮ ದೇಶದಲ್ಲಿ ಈ ತಾಪತ್ರಯವೇ ಇಲ್ಲ. ನಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಪ್ರತಿಜ್ಞೆಯಲ್ಲಿ ದೇವರು ಅನ್ನುವ ಕಡೆ ಒಂದು ನಕ್ಷತ್ರದ ಗುರುತಿದೆ. ಬೇಕಾದವರು ಅಲ್ಲಿ ಧರ್ಮ ಅಂತ ಹೇಳಬಹುದು. ನಮ್ಮ ನಿಯಮ ಒಂಬತ್ತೇ. ಅಮೆರಿಕದವರು ಹನ್ನೆರಡು ಮಾಡಿಕೊಂಡು ಕೊನೆಯದರಲ್ಲಿ ದೈವಭಕ್ತಿ ಸೇರಿಸಿದ್ದಾರೆ. ಸ್ಕೌಟ್ ಶುರು ಮಾಡಿದ ಬೇಡೆನ್ ಪೊವೆಲ್ 1908ರಲ್ಲಿ ನಿಯಮ ಬರೆದಾಗ ಅದು ಇರಲಿಲ್ಲ."

"ಇಂಗ್ಲೆಂಡಿನವರು ಇನ್ನೂ ಮುಂದೆ ಹೋಗಿದ್ದಾರೆ," ಎಂದು ಲಾಯರ್ ಸಾಹೇಬರು ಬಾಯಿ ತೆರೆದರು. ಅವರು ಬಾಯಿ ತೆರೆದರೆ ನಾವು ವಾಚು ನೋಡಿಕೊಳ್ಳುತ್ತೇವೆ. "2014ರ ಜನವರಿಯಿಂದ ದೇವರನ್ನು ನಂಬದವರಿಗೂ ಒಂದು ಪ್ರತಿಜ್ಞೆ ಇಟ್ಟಿದ್ದಾರೆ. ಹಿಂದೂಗಳು ಧರ್ಮ ಅನ್ನಬಹುದು, ಮುಸ್ಲಿಮರು ಅಲ್ಲಾ ಅನ್ನಬಹುದು, ಏನೂ ಬೇಡದವರು ದೇವರ ಮಾತೇ ಎತ್ತದೆ ಸೇರಬಹುದು. ಅಲ್ಲಿನ ಗೈಡ್ ಹುಡುಗಿಯರು ಅದರ ಹಿಂದಿನ ವರ್ಷವೇ ದೇವರನ್ನು ಪ್ರತಿಜ್ಞೆಯಿಂದ ತೆಗೆದಿದ್ದರು."

"ಆಕಾಶ ಬಿತ್ತಾ?" ಎಂದರು ಶೆಟ್ಟರು.

"ಮಳೆ ಬಿತ್ತು. ಅದು ಇಂಗ್ಲೆಂಡ್, ದಿನಾ ಬೀಳುತ್ತದೆ. ಆದರೆ ಅಮೆರಿಕದವರು ಒಪ್ಪಲಿಲ್ಲ. 1990ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಅವಳಿ ಹುಡುಗರು ದೇವರ ಹೆಸರು ಹೇಳುವುದಿಲ್ಲ ಅಂದರು. ಪುಟ್ಟ ಮಕ್ಕಳು. ಕೇಸು ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಯಿತು. 1998ರಲ್ಲಿ ತೀರ್ಪು ಬಂತು. ಸ್ಕೌಟ್ ಸಂಸ್ಥೆ ಅಂಗಡಿ ಮುಂಗಟ್ಟಿನಂಥ ವ್ಯವಹಾರ ಅಲ್ಲ, ಆದ್ದರಿಂದ ತಾರತಮ್ಯ ತಡೆಯುವ ಕಾನೂನು ಅದಕ್ಕೆ ತಾಗುವುದಿಲ್ಲ, ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು ಅವರಿಷ್ಟ. 2002ರಲ್ಲಿ ವಾಷಿಂಗ್ಟನ್ ರಾಜ್ಯದ 19 ವರ್ಷದ ಇನ್ನೊಬ್ಬ ಹುಡುಗ. ಈಗಲ್ ಸ್ಕೌಟ್ ರೀ, ಅಂದರೆ ಅಲ್ಲಿನ ಅತಿ ದೊಡ್ಡ ಪದವಿ. ದೇವರಲ್ಲಿ ನಂಬಿಕೆ ಇಲ್ಲ ಅಂದ. ಮನಸ್ಸು ಬದಲಾಯಿಸಿಕೋ ಅಂತ ಒಂದು ವಾರ ಟೈಮ್ ಕೊಟ್ಟರು."

"ಒಂದು ವಾರದಲ್ಲಿ ದೇವರು ಸಿಗುವುದಾದರೆ ಋಷಿಗಳೆಲ್ಲ ಕಾಡಿಗೆ ಯಾಕೆ ಹೋದರು?" ಎಂದರು ಶೆಟ್ಟರು. "ಸಿಕ್ಕಿದನಾ?"

"ಸಿಗಲಿಲ್ಲ. ಹೊರಗೆ ಹಾಕಿದರು."

ಇಲ್ಲಿ ಲಾಯರ್ ಸಾಹೇಬರ ಮುಖದಲ್ಲಿ ಒಂದು ತುಂಟತನ ಬಂತು. ಅವರಿಗೆ ಯಾವ ಪಕ್ಷವೂ ಆಗುತ್ತದೆ, ಎದುರು ಪಕ್ಷ ಆದರೆ ಇನ್ನೂ ಇಷ್ಟ. "ಶೆಟ್ಟರೇ, ನಿಮ್ಮ ವಿಚಾರವಾದಿ ಸಂಘ ಇದೆಯಲ್ಲ. ನಾಳೆ ಒಬ್ಬ ಜ್ಯೋತಿಷಿ ಬಂದು, ನಾನು ನಿಮ್ಮ ಸಂಘದ ಕಾರ್ಯದರ್ಶಿ ಆಗುತ್ತೇನೆ, ನನಗೂ ಹಕ್ಕಿದೆ ಅಂದರೆ?"

ಶೆಟ್ಟರು ಕಡಲೆಕಾಯಿ ಬಾಯಿಗೆ ಹಾಕಲು ಎತ್ತಿದ ಕೈ ಅಲ್ಲೇ ನಿಂತಿತು.

"ಹೇಳಿ. ಸೇರಿಸಿಕೊಳ್ಳುತ್ತೀರಾ?"

"ಕಾರ್ಯದರ್ಶಿ ಬೇಡ. ಉಪಾಧ್ಯಕ್ಷ ಮಾಡಬಹುದು, ಆ ಹುದ್ದೆಗೆ ಕೆಲಸ ಇಲ್ಲ."

"ನೋಡಿದಿರಾ! ಅದೇ ಹಕ್ಕು ಅವರೂ ಕೇಳಿದ್ದು. ನಿಮ್ಮ ಮಗನ ನ್ಯೂಜೆರ್ಸಿಯದ್ದೇ ಕೇಸು. ಜೇಮ್ಸ್ ಡೇಲ್ ಅಂತ, ಅವನೂ ಈಗಲ್ ಸ್ಕೌಟ್, ಸಹಾಯಕ ಸ್ಕೌಟ್ ಮಾಸ್ಟರ್. ಸಲಿಂಗಿ ಅಂತ ಪೇಪರಿನಲ್ಲಿ ಬಂತು. 1990ರಲ್ಲಿ ತೆಗೆದುಹಾಕಿದರು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಅವನ ಕಡೆ ಹೇಳಿತು. 2000ದಲ್ಲಿ ದೇಶದ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ತಿರುಗಿಸಿತು. ಖಾಸಗಿ ಸಂಘಕ್ಕೆ ತನ್ನದೇ ಒಂದು ಮಾತಿದ್ದರೆ, ಆ ಮಾತಿಗೆ ಒಗ್ಗದವರನ್ನು ಹೊರಗಿಡುವ ಹಕ್ಕಿದೆ ಅಂತ."

"ನಮ್ಮ ಸಂಘದಲ್ಲಿ ಇರುವುದೇ ಏಳು ಜನ," ಎಂದರು ಶೆಟ್ಟರು ಚೇತರಿಸಿಕೊಂಡು. "ಅದರಲ್ಲಿ ಇಬ್ಬರು ಕಾಫಿಗೆ ಬರುವವರು. ಅವರದ್ದು ಹಾಗಾ? ಅವರಿಗೆ ದೇಶದ ಅಧ್ಯಕ್ಷರೇ ಗೌರವಾಧ್ಯಕ್ಷರು ಅಂತ ಮಗ ಹೇಳಿದ."

"ಹೌದು. 1916ರಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ಸೇ ಸನ್ನದು ಕೊಟ್ಟಿದೆ."

"ಮತ್ತೆ? ಗೌರವ ಬೇಕಾದಾಗ ದೇಶದ ಸಂಸ್ಥೆ, ಪ್ರಶ್ನೆ ಕೇಳಿದಾಗ ಖಾಸಗಿ ಸಂಘ!"

ಈ ಏಟಿಗೆ ಲಾಯರ್ ಸಾಹೇಬರು ಕೂಡ ತಲೆದೂಗಿದರು. ನನಗೂ ಶೆಟ್ಟರ ಮಾತೇ ಸರಿ ಅನ್ನಿಸಿತು. ಆದರೆ ಆ ಜ್ಯೋತಿಷಿಯ ಪ್ರಶ್ನೆ ಇದೆಯಲ್ಲ, ಅದೂ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಸಂಘ ಅಂದಮೇಲೆ ಒಂದು ಬೇಲಿ ಇರಲೇಬೇಕು. ಬೇಲಿ ಯಾತಕ್ಕೆ ಹಾಕಿದ್ದು ಅನ್ನುವುದೇ ಜಗಳ. ನಮ್ಮವರಿಗೆ ಬೇಲಿಯ ಹೊರಗೆ ನಿಂತ ಅನುಭವ ಇಲ್ಲದೆ ಇಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸ್ಕೌಟ್ ದಳಗಳಿಗೆ ಭಾರತದ ಹುಡುಗರನ್ನು ಸೇರಿಸುತ್ತಿರಲಿಲ್ಲ. ಆನಿ ಬೆಸೆಂಟ್ ಮದ್ರಾಸಿನಲ್ಲಿ ಬೇರೆಯೇ ಸಂಘ ಕಟ್ಟಿದ್ದು ಅದಕ್ಕೇ. ಮೇಷ್ಟ್ರಿಗೆ ಇದನ್ನು ನೆನಪಿಸಿದೆ. "ಅದು ಬೇರೆ" ಎಂದರು. ಹೇಗೆ ಬೇರೆ ಅಂತ ಹೇಳಲಿಲ್ಲ.

"ಈಗಲೂ ಹಾಗೇ ಇದೆಯಾ?" ಎಂದು ರಾಯರು ಕೇಳಿದರು.

"ಇಲ್ಲ, ಸುಮಾರು ಬದಲಾಗಿದೆ," ಎಂದರು ಲಾಯರು. "ಸಲಿಂಗಿ ಹುಡುಗರಿಗೆ 2014ರಲ್ಲಿ ಬಾಗಿಲು ತೆಗೆದರು, ದೊಡ್ಡವರಿಗೆ 2015ರಲ್ಲಿ. ಚರ್ಚುಗಳು ನಡೆಸುವ ದಳಗಳಿಗೆ ಮಾತ್ರ ತಮ್ಮ ನಂಬಿಕೆಯ ಪ್ರಕಾರ ನಾಯಕರನ್ನು ಆರಿಸಿಕೊಳ್ಳಿ ಅಂತ ಬಿಟ್ಟರು. ಆಗ ಅಲ್ಲಿ ದಳ ನಡೆಸುತ್ತಿದ್ದವರಲ್ಲಿ ಚರ್ಚುಗಳೇ ಜಾಸ್ತಿ. ಎಲ್ಲರಿಗಿಂತ ದೊಡ್ಡ ಪೋಷಕರಾಗಿದ್ದ ಮಾರ್ಮನ್ ಚರ್ಚಿನವರು 2019ರ ಕೊನೆಗೆ ಹೊರಟೇ ಹೋದರು. ಹುಡುಗಿಯರೂ ಬಂದರು. 2025ರಲ್ಲಿ ಹೆಸರಿನಿಂದ ಬಾಯ್ಸ್ ತೆಗೆದು ಸ್ಕೌಟಿಂಗ್ ಅಮೆರಿಕ ಅಂತ ಮಾಡಿಕೊಂಡರು. ದೇವರ ಸಹಿ ಮಾತ್ರ ಅಲ್ಲೇ ಇದೆ."

"ನಮ್ಮ ಹಿಂದೂ ಮಕ್ಕಳಿಗೆ ಅಲ್ಲಿ ಧರ್ಮ, ಕರ್ಮ ಅಂತ ಎರಡು ಪದಕ ಇವೆಯಂತೆ," ಎಂದರು ಶೆಟ್ಟರು. "ಮೊಮ್ಮಗ ಈಗ ಕರ್ಮಕ್ಕೆ ಓದುತ್ತಿದ್ದಾನೆ."

"ನಿಮಗೆ ಅದು ಆಗಲೇ ಬಂದಿದೆ," ಎಂದರು ರಾಯರು.

ನಗು ಮುಗಿದ ಮೇಲೆ ಮೇಷ್ಟ್ರು ಮತ್ತೆ ತಮ್ಮ ಮುಳ್ಳಿಗೆ ಬಂದರು. ಸ್ಕೌಟ್ ಮಾಸ್ಟರ್ ಅಂದರೆ ತಂದೆಯ ಸಮಾನ, ಅವನ ಮೇಲೆ ಚೆಕ್ ಮಾಡುವುದು ಗುರುವಿಗೆ ಅಪಮಾನ ಅಂತ ದೊಡ್ಡ ಭಾಷಣ. ಲಾಯರ್ ಸಾಹೇಬರು ಅಡ್ಡ ಬರಲಿಲ್ಲ. ಮುಗಿಯುವ ತನಕ ಕಾದರು. ಆಮೇಲೆ ಧ್ವನಿ ತಗ್ಗಿಸಿ ಹೇಳಿದರು.

"ಮೇಷ್ಟ್ರೇ, ಆ ಸಂಸ್ಥೆಯ ಕಚೇರಿಯಲ್ಲಿ 1920ರ ದಶಕದಿಂದಲೂ ಫೈಲುಗಳಿದ್ದವು. ಯಾವ ಯಾವ ಮಾಸ್ಟರ್ ಮೇಲೆ ಮಕ್ಕಳಿಗೆ ಕೆಟ್ಟದ್ದು ಮಾಡಿದ ದೂರಿತ್ತು ಅಂತ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಎಷ್ಟೋ ಕೇಸುಗಳಲ್ಲಿ ಪೊಲೀಸರಿಗೂ ಹೇಳಲಿಲ್ಲ, ಅಪ್ಪ ಅಮ್ಮಂದಿರಿಗೂ ಹೇಳಲಿಲ್ಲ. 2010ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಜ್ಯೂರಿ ಒಂದೇ ಕೇಸಿನಲ್ಲಿ 1.85 ಕೋಟಿ ಡಾಲರ್ ದಂಡ ಹಾಕಿತು. ಆಮೇಲೆ ಆರೆಗನ್ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2012ರಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಫೈಲುಗಳು ಹೊರಗೆ ಬಂದವು. ಅವು 1965ರಿಂದ 1985ರ ತನಕದ್ದು ಮಾತ್ರ. 2020ರಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ನಮಗೂ ಹೀಗಾಗಿತ್ತು ಅಂತ ಮುಂದೆ ಬಂದವರು 82 ಸಾವಿರಕ್ಕೂ ಹೆಚ್ಚು. ಪರಿಹಾರಕ್ಕೆ ಇಟ್ಟಿದ್ದು 246 ಕೋಟಿ ಡಾಲರ್."

ರಾಯರು ಬ್ಯಾಂಕಿನವರು, ಮೊತ್ತ ಕೇಳಿದರೆ ಸಾಮಾನ್ಯವಾಗಿ ಬಾಯಲ್ಲೇ ರೂಪಾಯಿಗೆ ತಿರುಗಿಸುತ್ತಾರೆ. ಆವತ್ತು ತಿರುಗಿಸಲಿಲ್ಲ.

"ಅಂದರೆ," ಎಂದರು ಶೆಟ್ಟರು ನಿಧಾನವಾಗಿ, "ನೀನು ದೇವರನ್ನು ನಂಬುತ್ತೀಯಾ, ನೀನು ಯಾರನ್ನು ಪ್ರೀತಿಸುತ್ತೀಯಾ ಅಂತ ಕೋರ್ಟು ಕೋರ್ಟು ಅಲೆದು ಲಕ್ಷಾಂತರ ಡಾಲರ್ ಸುರಿದು ಕೇಳಿದರು. ಮಕ್ಕಳ ಹತ್ತಿರ ಬಿಡಬಹುದಾದ ಮನುಷ್ಯನಾ ಅನ್ನುವುದನ್ನು ಮಾತ್ರ ಬೀರುವಿನಲ್ಲಿಟ್ಟರು."

"ಸಂಸ್ಥೆ ಶುರುವಾಗಿದ್ದು 1910ರಲ್ಲಿ," ಎಂದರು ಲಾಯರು. "ಹೊಸದಾಗಿ ಸೇರುವ ಸ್ವಯಂಸೇವಕರ ಕ್ರಿಮಿನಲ್ ದಾಖಲೆ ನೋಡುವುದು ಕಡ್ಡಾಯ ಆಗಿದ್ದು 2003ರಲ್ಲಿ. ಹಳಬರಿಗೂ ಸೇರಿಸಿ ಎಲ್ಲರಿಗೂ ಆಗಿದ್ದು 2008ರಲ್ಲಿ. ದೇವರ ಪ್ರಶ್ನೆ ಎಷ್ಟು ಹಳೆಯದು ಅಂತ ನೀವೇ ಲೆಕ್ಕ ಹಾಕಿ."

ಮೇಷ್ಟ್ರು ಸುಮ್ಮನಿದ್ದರು. ಆಮೇಲೆ, "ಆದರೂ, ನಾನು ಅಂಥವನಲ್ಲ" ಎಂದರು. ಪಾಪ, ಧ್ವನಿ ಸಣ್ಣದಾಗಿತ್ತು.

ಆಗ ರಾಯರು ಮಾತಾಡಿದರು. ಅವರು ಬ್ಯಾಂಕಿನ ಮಾತು ತೆಗೆದರೆ ನಾವು ಸಾಮಾನ್ಯವಾಗಿ ಎದ್ದು ಹೋಗುತ್ತೇವೆ. ಆವತ್ತು ಕೂತೆವು.

"ಮೇಷ್ಟ್ರೇ, ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀ. ಒಂದು ಮ್ಯಾನೇಜರ್ ಹತ್ತಿರ, ಒಂದು ಕ್ಯಾಶಿಯರ್ ಹತ್ತಿರ. ಇಬ್ಬರೂ ಒಟ್ಟಿಗೆ ಇಲ್ಲದೆ ತೆಗೆಯುವ ಹಾಗಿಲ್ಲ. ನಾನು ಮ್ಯಾನೇಜರ್ ಆಗಿದ್ದಾಗ ಒಂದು ದಿನವೂ ನನ್ನ ಮೇಲೆ ಅನುಮಾನವಾ ಅಂತ ಅಳಲಿಲ್ಲ. ಇನ್ನೂ ನೆಮ್ಮದಿಯೇ ಇತ್ತು. ನಾಳೆ ನೂರು ರೂಪಾಯಿ ಕಡಿಮೆ ಬಂದರೆ ನಾನೊಬ್ಬನೇ ಒಳಗೆ ಹೋಗಿರಲಿಲ್ಲ ಅಂತ ಹೇಳಬಹುದಲ್ಲ? ಇನ್ನೊಂದು ವಿಷಯ. ನಾನು ನೋಡಿದ ಹಾಗೆ ಬ್ಯಾಂಕಿನಲ್ಲಿ ದುಡ್ಡು ಹೊಡೆದವರೆಲ್ಲ ಬೆಳಿಗ್ಗೆ ಮೇಜಿನ ಮೇಲಿನ ದೇವರ ಫೋಟೋಗೆ ಹೂವಿಟ್ಟೇ ಕೆಲಸ ಶುರು ಮಾಡುತ್ತಿದ್ದರು."

ದಿನಾ ಎರಡು ಗಂಟೆ ಪೂಜೆ ಮಾಡುವ ರಾಯರ ಬಾಯಲ್ಲಿ ಈ ಮಾತು! ಶೆಟ್ಟರು ಸಂತೋಷಕ್ಕೆ ಇಡೀ ಕಡಲೆಕಾಯಿ ಪೊಟ್ಟಣ ಅವರ ಕೈಗೆ ಕೊಟ್ಟರು.

"ಎರಡು ಕೀ ನಿಯಮ ಅಲ್ಲೂ ಇದೆ," ಎಂದರು ಲಾಯರು. "ಎಲ್ಲಿಗೆ ಹೋದರೂ ಹೆಸರು ಬರೆಸಿದ ದೊಡ್ಡವರು ಕನಿಷ್ಠ ಇಬ್ಬರು ಇರಲೇಬೇಕು. ಯಾರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರುವ ಹಾಗಿಲ್ಲ. ನಿಜ ಹೇಳಬೇಕೆಂದರೆ ದಾಖಲೆ ನೋಡುವುದಕ್ಕಿಂತ ಇದೇ ಮುಖ್ಯ. ದಾಖಲೆಯಲ್ಲಿ ಸಿಗುವುದು ಒಮ್ಮೆ ಸಿಕ್ಕಿಬಿದ್ದವರು ಮಾತ್ರ. ಸಿಕ್ಕಿಬೀಳದವರ ದಾಖಲೆ ಹೊಳೆಯುತ್ತಾ ಇರುತ್ತದೆ."

"ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದೇನೆ ರೀ ನಾನು," ಎಂದರು ಮೇಷ್ಟ್ರು.

"ಇನ್ನೊಬ್ಬರನ್ನು ಎಬ್ಬಿಸಿಕೊಂಡು ಕೂತಿರಿ. ಮಾತಾಡಲು ಜೊತೆಯಾಗುತ್ತದೆ," ಎಂದರು ರಾಯರು.

ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ಒಪ್ಪಿದರೆ ಅವರು ಮೇಷ್ಟ್ರೇ ಅಲ್ಲ. ಆದರೆ ಆ ಆನ್‌ಲೈನ್ ಪಾಠದಲ್ಲಿ ಕೊನೆಗೆ ಪರೀಕ್ಷೆ ಇರುತ್ತದಾ, ಎಷ್ಟು ಮಾರ್ಕಿಗೆ ಅಂತ ಎರಡು ಸಲ ಕೇಳಿದರು.

"ಹಾಗಾದರೆ ಶೆಟ್ಟರೇ, ಏನು ತೀರ್ಮಾನ?" ಎಂದೆ ನಾನು.

"ಪಾಠ ಓದುತ್ತೇನೆ. ಚೆಕ್ ಮಾಡಲಿ. ದೇವರ ಸಹಿ ಹಾಕುವುದಿಲ್ಲ. ರಾತ್ರಿ ಉಳಿಯುವುದು ಬೇಡ, ಹಗಲು ಹೋಗಿ ಸಂಜೆ ಬರುತ್ತೇನೆ ಅಂತ ಮಗನಿಗೆ ಹೇಳಿದ್ದೇನೆ."

"ಅಯ್ಯೋ, ಮೊಮ್ಮಗನ ಜೊತೆ ಟೆಂಟಿನಲ್ಲಿ ಮಲಗುವ ಆಸೆ ಇತ್ತಲ್ಲ?"

"ಅದು ಹೇಗೂ ಆಗುತ್ತಿರಲಿಲ್ಲ. ಅವನಿಗೆ 12 ತುಂಬಿತು. ಆ ವಯಸ್ಸಿನ ಮಕ್ಕಳಿಗೂ ದೊಡ್ಡವರಿಗೂ ಒಂದೇ ಟೆಂಟ್ ಇಲ್ಲವಂತೆ, ಹೆತ್ತ ಅಪ್ಪನಿಗೂ ಇಲ್ಲ. ನಿನ್ನೆ ಮೊಮ್ಮಗನೇ ವಿಡಿಯೋ ಕಾಲಿನಲ್ಲಿ ಹೇಳಿದ. ಬಹಳ ಒಳ್ಳೆಯ ರೂಲ್ ಅಜ್ಜಾ ಅಂದ."

"ರಕ್ಷಣೆಯ ಬಗ್ಗೆ ಎಷ್ಟು ತಿಳಿವಳಿಕೆ ನೋಡಿ ಮಕ್ಕಳಿಗೆ!" ಎಂದರು ಲಾಯರ್ ಸಾಹೇಬರು.

"ಅದಲ್ಲ ರೀ," ಎಂದರು ಶೆಟ್ಟರು. "ನನ್ನ ಗೊರಕೆ ಕೇಳಿದ್ದಾನೆ."