ಬೆಸುಗೆ ಹಾಕಿದ ಕ್ಯಾನಿಸ್ಟರಿನ ಒಳಗೆ ಏನಿದೆ ಎಂಬುದಕ್ಕೆ ಕಡತವೊಂದೇ ಸಾಕ್ಷಿಯೇ?

ಅಂಚೆಮನೆ (ಪ್ರಶ್ನೆ):

ಗ್ರಂಥಾಲಯ ವಿಜ್ಞಾನ ಓದಿದ ನಾನು ಎಂಟು ತಿಂಗಳಿಂದ ಅಮೆರಿಕದ ಒಂದು ಮುಚ್ಚಿದ ಅಣುವಿದ್ಯುತ್ ಸ್ಥಾವರದ ಕಡತ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ರಿಯಾಕ್ಟರನ್ನು ಕಳಚಿ ಸಾಗಿಸಿಯಾಗಿದೆ. ಉಳಿದಿರುವುದು ಕಾಂಕ್ರೀಟ್ ಹಾಸಿನ ಮೇಲೆ ಸಾಲಾಗಿ ನಿಂತ, ಬಳಸಿದ ಇಂಧನವನ್ನು ನೀರಿಲ್ಲದೆ ಇಡುವ ದಪ್ಪ ಕವಚದ ಪಾತ್ರೆಗಳಾದ ಡ್ರೈ ಕ್ಯಾಸ್ಕ್‌ಗಳು, ಕಾವಲಿನವರು ಮತ್ತು ನಮ್ಮ ಕಡತಗಳು. ಬಳಸಿ ತೆಗೆದ ಇಂಧನದ ಸಂಗ್ರಹಣೆಗೆ ಅನ್ವಯಿಸುವ ಫೆಡರಲ್ ನಿಯಮಾವಳಿಯ 72ನೇ ಭಾಗದಲ್ಲಿ, 72.72 ಎಂಬ ಸೆಕ್ಷನ್ ಪ್ರಕಾರ ಈ ದಾಖಲೆಗಳನ್ನು ಎರಡು ಪ್ರತಿಗಳಲ್ಲಿ ಇಡಬೇಕು. ಒಂದೇ ಅವಘಡದಲ್ಲಿ ಎರಡೂ ನಾಶವಾಗದಷ್ಟು ದೂರದಲ್ಲಿ ಎರಡನೆಯ ಪ್ರತಿ ಇರಬೇಕು. ಇಂಧನ ಅಲ್ಲಿರುವಷ್ಟು ಕಾಲ ಮಾತ್ರವಲ್ಲ, ಅದು ಬೇರೆಡೆಗೆ ಹೋದ ಮೇಲೂ ಐದು ವರ್ಷ ಅವುಗಳನ್ನು ಕಾಪಾಡಬೇಕು. ಈಗ ನಮ್ಮ ಆಡಳಿತ ವರ್ಗವು ಖರ್ಚು ಉಳಿಸಲು ಎರಡೂ ಕೊಠಡಿಗಳನ್ನು ಒಂದು ಮಾಡುವ ಆಲೋಚನೆಯಲ್ಲಿದೆ.

ನನ್ನ ಗೊಂದಲ ಇದು. ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟ ಮೇಲೂ ದೂರದ ಎರಡನೆಯ ಪ್ರತಿ ಬೇಕೇ? ಹನ್ನೆರಡು ತಿಂಗಳಿಗೆ ಮೀರದಂತೆ ಭೌತಿಕ ತಪಾಸಣೆ ಮಾಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಆದರೆ ಕ್ಯಾಸ್ಕಿನೊಳಗಿರುವ, ಇಂಧನ ತುಂಬಿ ಮುಚ್ಚಳಕ್ಕೆ ಬೆಸುಗೆ ಹಾಕಿದ ಉಕ್ಕಿನ ಕ್ಯಾನಿಸ್ಟರನ್ನು ಎಣಿಸಿದರೆ ಒಳಗಿನದನ್ನು ಎಣಿಸಿದಂತಾಗುವುದೇ? ಕಳೆದ ವಾರ ಇಪ್ಪತ್ತು ವರ್ಷ ಹಳೆಯ ಒಂದು ಲೋಡಿಂಗ್ ಹಾಳೆಯಲ್ಲಿ (ಕ್ಯಾನಿಸ್ಟರಿಗೆ ಇಂಧನ ತುಂಬಿದ ದಿನದ ದಾಖಲೆ) ಎರಡನೆಯ ಪರಿಶೀಲಕರ ಸಹಿಯ ಜಾಗ ಖಾಲಿ ಇರುವುದನ್ನು ಕಂಡು ಮೇಲಿನವರಿಗೆ ತೋರಿಸಿದೆ. "ಇಷ್ಟು ವರ್ಷವಾಯಿತು, ಬಿಟ್ಟುಬಿಡಿ" ಎಂದರು. ಬಿಡಬಹುದೇ?

ಗುಣಪರೀಕ್ಷಕ:

ಗುಣಮಟ್ಟ ಖಾತರಿ ವಿಭಾಗದಲ್ಲಿ ಬಹಳ ವರ್ಷ ದುಡಿದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಮನ್ನಿಸಿ.

ಈ ನಿಯಮಗಳ ತೂಕ ತಿಳಿಯಬೇಕಾದರೆ ಮೂರು ಪ್ರಕರಣಗಳನ್ನು ನೋಡಬೇಕು. ಕನೆಕ್ಟಿಕಟ್‌ನ ಮಿಲ್‌ಸ್ಟೋನ್ ಒಂದನೇ ಘಟಕದಲ್ಲಿ 1972ರಲ್ಲಿ ಒಂದು ಫ್ಯೂಯೆಲ್ ಅಸೆಂಬ್ಲಿಯನ್ನು, ಅಂದರೆ ಇಂಧನ ಸರಳುಗಳ ಕಟ್ಟನ್ನು, ಬಿಚ್ಚಿದ್ದರು. ಎರಡು ವರ್ಷಗಳ ಬಳಿಕ ಮತ್ತೆ ಜೋಡಿಸುವಾಗ ಎರಡು ಸರಳುಗಳು ಹೊರಗೆ ಉಳಿದವು. 1980ರವರೆಗಿನ ಕಾಗದಗಳಲ್ಲಿ ಆ ಸರಳುಗಳು ಬಳಸಿದ ಇಂಧನವನ್ನು ನೀರಿನಡಿ ತಣಿಸುವ ಕೊಳದಲ್ಲಿವೆ; ಆಮೇಲಿನ ಕಾಗದಗಳಲ್ಲಿ ಅವುಗಳ ಸುಳಿವೇ ಇಲ್ಲ. ಘಟಕ ಮುಚ್ಚಿ, ಹಳೆಯ ಮತ್ತು ಹೊಸ ದಾಖಲೆಗಳನ್ನು ತಾಳೆ ಹಾಕುವಾಗ, ಅಂದರೆ 2000ದ ನವೆಂಬರಿನಲ್ಲಿ ಇದು ಬೆಳಕಿಗೆ ಬಂತು. ಸರಳುಗಳು ಕೊನೆಗೂ ಸಿಗಲಿಲ್ಲ. ಕೆಳಮಟ್ಟದ ವಿಕಿರಣ ತ್ಯಾಜ್ಯದೊಂದಿಗೆ ಯಾವುದೋ ಹೂಳುದಾಣಕ್ಕೆ ಹೋಗಿರುವ ಸಂಭವವೇ ಹೆಚ್ಚು ಎಂಬಲ್ಲಿಗೆ ತನಿಖೆ ನಿಂತಿತು. 2002ರಲ್ಲಿ ಪರಮಾಣು ನಿಯಂತ್ರಣ ಆಯೋಗವು 2,88,000 ಡಾಲರ್ ದಂಡ ವಿಧಿಸಿತು. 2004ರಲ್ಲಿ ವರ್ಮಾಂಟ್ ಯಾಂಕಿಯಲ್ಲಿ ಎರಡು ಸರಳಿನ ತುಂಡುಗಳು ಇರಬೇಕಾದ ಕಡೆ ಕಾಣಲಿಲ್ಲ. ತಿಂಗಳುಗಳ ಹುಡುಕಾಟದ ಬಳಿಕ ಅದೇ ಕೊಳದಲ್ಲೇ ಬೇರೊಂದು ಪಾತ್ರೆಯಲ್ಲಿ ಸಿಕ್ಕವು. ಅದೇ ವರ್ಷ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಬೇಯಲ್ಲಿ, 1968ರಲ್ಲಿ ಕತ್ತರಿಸಿದ ಒಂದು ಸರಳಿನ 18 ಅಂಗುಲದ ಮೂರು ತುಂಡುಗಳ ಲೆಕ್ಕ ಸಿಗದೆ ಹೋಯಿತು.

ಮೂರರಲ್ಲೂ ಇಡೀ ಅಸೆಂಬ್ಲಿಗಳ ಎಣಿಕೆ ಸರಿಯಾಗಿಯೇ ಇತ್ತು ಎಂಬುದನ್ನು ಗಮನಿಸಿ. ಲೆಕ್ಕದ ಪುಸ್ತಕದ ಘಟಕ ಅಸೆಂಬ್ಲಿ. ತಪ್ಪಿಹೋದದ್ದು ಅಸೆಂಬ್ಲಿಯಿಂದ ಬೇರ್ಪಟ್ಟ ಸರಳು. ಅಕ್ಕಿ ಮೂಟೆಗಳನ್ನು ಎಣಿಸುವ ಕಣಜದವನಿಗೆ ಬಿಚ್ಚಿದ ಮೂಟೆಯಿಂದ ಹೊರಬಿದ್ದ ಎರಡು ಸೇರಿನ ಲೆಕ್ಕ ಬರೆಯಲು ಪುಸ್ತಕದಲ್ಲಿ ಕಾಲಮ್ಮೇ ಇಲ್ಲದಿದ್ದರೆ ಹೇಗೋ ಹಾಗೆ. 2005ರ ಫೆಬ್ರವರಿಯಲ್ಲಿ ಆಯೋಗವು ಎಲ್ಲ ಸ್ಥಾವರಗಳಿಗೂ ಒಂದು ಬುಲೆಟಿನ್ ಕಳುಹಿಸಿ, ಬೇರ್ಪಟ್ಟ ಸರಳು ಮತ್ತು ತುಂಡುಗಳ ಲೆಕ್ಕವನ್ನು ಹೇಗೆ ಇಟ್ಟಿದ್ದೀರಿ ಎಂದು ಪ್ರಶ್ನಿಸಿತು.

ಇನ್ನು ನಿಮ್ಮ ಕ್ಯಾನಿಸ್ಟರಿನ ಪ್ರಶ್ನೆ. ಕೊಳದಲ್ಲಿ ಇಂಧನ ಇರುವಷ್ಟು ದಿನ ಕ್ಯಾಮೆರಾ ಇಳಿಸಿ ನೋಡಬಹುದು. ಬೆಸುಗೆ ಬಿದ್ದ ಮೇಲೆ ವಾರ್ಷಿಕ ತಪಾಸಣೆ ಎಂದರೆ ಕ್ಯಾಸ್ಕಿನ ಸಂಖ್ಯೆ, ಜಾಗ, ಬೆಸುಗೆ ಅಥವಾ ಮೊಹರು ಭದ್ರವಾಗಿರುವುದು, ಇಷ್ಟೇ. ಒಳಗಿನ ಅಸೆಂಬ್ಲಿಗಳ ಕ್ರಮಸಂಖ್ಯೆ, ಯುರೇನಿಯಂ ಮತ್ತು ಪ್ಲುಟೋನಿಯಂನ ಅಂದಾಜು, ಎಷ್ಟು ಉರಿದಿದೆ, ಎಷ್ಟು ವರ್ಷ ತಣಿದಿದೆ, ಯಾವ ಗೂಡಿನಲ್ಲಿ ಯಾವುದು ಕುಳಿತಿದೆ ಎಂಬುದೆಲ್ಲ ಲೋಡಿಂಗ್ ದಿನದ ಹಾಳೆಯಿಂದಲೇ ತಿಳಿಯಬೇಕು. ಹಾಗಾಗಿ ಆ ದಿನವೇ ಇಬ್ಬರು ಬೇರೆಬೇರೆಯಾಗಿ ಸಂಖ್ಯೆ ಓದಿ ಸಹಿ ಹಾಕುವ ಪದ್ಧತಿ ಇದೆ. ನೀರಿನಡಿ, ಅಸೆಂಬ್ಲಿಯ ಮೇಲ್ತಲೆಯ ಮೇಲೆ ಕೊರೆದ ಸಂಖ್ಯೆಗೆ ಕಂದು ಪದರ ಕಟ್ಟಿಕೊಂಡಿರುತ್ತದೆ. ಮಬ್ಬಾದ ಪರದೆಯಲ್ಲಿ ಇಂಗ್ಲಿಷಿನ ಬಿ ಯಾವುದು, 8 ಯಾವುದು ಎಂದು ಹೇಳಲು ಬರುವುದಿಲ್ಲ. ಒಬ್ಬನೇ ಓದಿದರೆ ತಾನು ನಿರೀಕ್ಷಿಸಿದ್ದನ್ನೇ ಓದುತ್ತಾನೆ. ನೀವು ಕಂಡ ಖಾಲಿ ಜಾಗ ಈ ಕಾರಣಕ್ಕೆ ಸಣ್ಣದಲ್ಲ.

ಎರಡು ಕೊಠಡಿಗಳ ವಿಚಾರದಲ್ಲಿ ನಿಮ್ಮ ಆಡಳಿತ ವರ್ಗದ ಆಲೋಚನೆ ತೀರಾ ಅಸಾಧ್ಯವೇನಲ್ಲ. ಬೆಂಕಿ, ನೀರು, ಕಳವು ತಡೆಯುವ ನಿಗದಿತ ಮಾನದಂಡದ ಒಂದೇ ಕಟ್ಟಡದಲ್ಲಿ ಇಡಲು ಹಲವು ಮುಚ್ಚಿದ ಸ್ಥಾವರಗಳಿಗೆ ಆಯೋಗ ವಿನಾಯಿತಿ ಕೊಟ್ಟಿದೆ. ಆದರೆ ವಿನಾಯಿತಿಯನ್ನು ಮೊದಲು ಕೇಳಿ ಪಡೆಯಬೇಕು. ಕೊಠಡಿ ಖಾಲಿ ಮಾಡಿ ಆಮೇಲೆ ಪತ್ರ ಬರೆಯುವ ಹಾಗಿಲ್ಲ.

ಕಾಳಿನದಿ:

ನಾನು ಕಾರವಾರದ ಕಡೆಯವನು, ಇಂಧನ ನಿರ್ವಹಣೆಯ ಕೆಲಸದಿಂದ ನಿವೃತ್ತ. ಮೇಲಿನ ಮಾತಿಗೆ ನಮ್ಮ ಕಡೆಯಿಂದ ಒಂದು ಸೇರ್ಪಡೆ.

ಅಮೆರಿಕದ ಒಂದು ದೊಡ್ಡ ರಿಯಾಕ್ಟರಿನಲ್ಲಿ 193 ಅಸೆಂಬ್ಲಿಗಳು. ಒಂದೂವರೆ ವರ್ಷಕ್ಕೊಮ್ಮೆ ಘಟಕ ನಿಲ್ಲಿಸಿ ಬದಲಾಯಿಸುತ್ತಾರೆ. ಕೈಗಾದಲ್ಲಿರುವಂಥ 220 ಮೆಗಾವಾಟ್ ಭಾರಜಲ ಘಟಕದಲ್ಲಿ 306 ಚಾನಲ್ (ಇಂಧನ ಕೂರುವ ಕೊಳವೆ), ಪ್ರತಿ ಚಾನಲ್‌ಗೆ 12 ಬಂಡಲ್ (ಸರಳುಗಳ ಗಿಡ್ಡ ಕಟ್ಟು), ಒಟ್ಟು 3,672. ಬಂಡಲ್ ಅರ್ಧ ಮೀಟರ್ ಉದ್ದದ್ದು. ಪ್ರತಿಯೊಂದರಲ್ಲೂ 19 ಸರಳು. ಮೇಲಾಗಿ ಘಟಕ ಓಡುತ್ತಿರುವಾಗಲೇ ಯಂತ್ರವು ಚಾನಲಿನ ಒಂದು ತುದಿಯಿಂದ ಹೊಸ ಬಂಡಲ್ ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯುತ್ತದೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದದ್ದು ಇಂಧನವನ್ನು ಹೀಗೆ ಬದಲಾಯಿಸಲು ಬರುವುದರಿಂದಲೇ. ಅಂದರೆ ದಾಖಲೆಯ ಕೆಲಸ ಇಲ್ಲಿ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ, ದಿನನಿತ್ಯದ ಅಡುಗೆ. ಯಾವ ಬಂಡಲ್ ಯಾವ ಚಾನಲಿನ ಎಷ್ಟನೇ ಜಾಗದಲ್ಲಿ ಎಷ್ಟು ದಿನ ಇತ್ತು ಎಂಬ ಒಂದು ಸಾಲು ತಪ್ಪಿದರೆ, ಮುಂದಿನ ಬಂಡಲ್‌ಗಳೆಲ್ಲ ಒಂದೊಂದು ಸ್ಥಾನ ಜರುಗುತ್ತವೆ.

ಭಾರತದಲ್ಲಿ ಬಳಸಿದ ಇಂಧನವನ್ನು ತ್ಯಾಜ್ಯವೆಂದು ಕರೆಯುವುದಿಲ್ಲ. ಮರುಸಂಸ್ಕರಿಸಿ ಪ್ಲುಟೋನಿಯಂ ತೆಗೆಯಬಹುದಾದ ಸಂಪನ್ಮೂಲ ಎಂಬುದು ನೀತಿ. ಇದರಿಂದ ದಾಖಲೆಯ ಸ್ವಭಾವವೂ ಬದಲಾಗುತ್ತದೆ. ಅಲ್ಲಿ ಕಡತವು ಕಾವಲಿನದ್ದು, ಇಲ್ಲಿ ಅರ್ಧದಷ್ಟು ಉಗ್ರಾಣದ್ದು. ಆದರೂ ಒಂದು ವಿಷಯದಲ್ಲಿ ಅಲ್ಲಿನವರ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ: ಎರಡು ಸರಳು ಕಳೆದದ್ದೂ, ದಂಡ ಎಷ್ಟೆಂಬುದೂ ಕಾರವಾರದಲ್ಲಿ ಕುಳಿತ ನನಗೆ ಓದಲು ಸಿಗುತ್ತದೆ.

ಹಳೆಕಡತ:

ಪತ್ರಾಗಾರದ ಕೆಲಸದವಳಾಗಿ ನಾನು ತುಸು ಭಿನ್ನವಾಗಿ ಯೋಚಿಸುತ್ತೇನೆ. ಪ್ರತಿ ಎರಡಿದ್ದರೆ ಸಾಲದು. ಅರ್ಥವಾಗದ ಕಡತವನ್ನು ಎರಡು ಊರಿನಲ್ಲಿ ಇಟ್ಟರೆ ಎರಡು ಊರಿನಲ್ಲೂ ಅದು ಅರ್ಥವಾಗುವುದಿಲ್ಲ.

ಒಂದು ಉದಾಹರಣೆ ನೋಡಿ. ಲೋಡಿಂಗ್ ಹಾಳೆಯಲ್ಲಿ ಅಸೆಂಬ್ಲಿಯನ್ನು ಕೊಳದ ಯಾವ ಗೂಡಿನಿಂದ ಎತ್ತಿದರು ಎಂಬುದನ್ನು ಒಂದು ಅಕ್ಷರ, ಎರಡು ಅಂಕಿಗಳಲ್ಲಿ ಬರೆದಿರುತ್ತಾರೆ. ಆ ಕೊಳವನ್ನೇ ಒಡೆದು ಹಾಕಿದ ಮೇಲೆ, ಗೂಡುಗಳ ನಕ್ಷೆ ಅದೇ ಕಡತದ ಜೊತೆಯಲ್ಲಿ ಇಲ್ಲದಿದ್ದರೆ, ಆ ಮೂರು ಗುರುತುಗಳಿಂದ ಯಾರಿಗೆ ಏನು ತಿಳಿಯುತ್ತದೆ? ಅಮೆರಿಕದ ಇಂಧನ ಇಲಾಖೆ ಒಪ್ಪಂದದ ಪ್ರಕಾರ 1998ರ ಜನವರಿ 31ರಿಂದ ಈ ಇಂಧನವನ್ನು ಒಯ್ಯಲು ಆರಂಭಿಸಬೇಕಿತ್ತು, ಒಯ್ಯಲಿಲ್ಲ. ಕ್ಯಾಸ್ಕ್ ವಿನ್ಯಾಸದ ಪ್ರಮಾಣಪತ್ರವನ್ನು 40 ವರ್ಷದವರೆಗೆ ಕೊಡಬಹುದು, ನವೀಕರಿಸಲೂಬಹುದು. ಆದ್ದರಿಂದ ಈ ಹಾಳೆಯನ್ನು ಕೊನೆಗೆ ಓದುವವರು ಬರೆದವರನ್ನು ಭೇಟಿಯಾಗುವ ಸಂಭವವಿಲ್ಲ ಎಂದೇ ಭಾವಿಸಿ ಕೆಲಸ ಮಾಡಬೇಕು.

ಫ್ರಾನ್ಸಿನ ಮಾಂಶ್ ಹೂಳುದಾಣ 1969ರಿಂದ 1994ರವರೆಗೆ ತ್ಯಾಜ್ಯ ಸ್ವೀಕರಿಸಿತು. ಅಲ್ಲಿರುವುದು ಬಳಸಿದ ಇಂಧನವಲ್ಲ, ಆದರೂ ಪಾಠ ಇಲ್ಲಿಗೂ ಹೊಂದುತ್ತದೆ. ಅವರು ವಿವರವಾದ ದಾಖಲೆಗಳನ್ನು ಆಮ್ಲವಿಲ್ಲದ ಬಾಳಿಕೆಯ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿಯನ್ನು ಸ್ಥಳದಲ್ಲೂ ಇನ್ನೊಂದನ್ನು ರಾಷ್ಟ್ರೀಯ ಪತ್ರಾಗಾರದಲ್ಲೂ ಇರಿಸಿದರು. ಜೊತೆಗೆ ಸಾಮಾನ್ಯ ಓದುಗರಿಗೆಂದು ಒಂದು ಸಂಕ್ಷಿಪ್ತ ಕಡತವನ್ನೂ ಸಿದ್ಧಪಡಿಸಿದರು. ಎರಡನೆಯ ಪ್ರತಿ ಬೇರೆ ಊರಿನಲ್ಲಿರುವುದಷ್ಟೇ ಅಲ್ಲ, ಬೇರೆ ಸಂಸ್ಥೆಯ ಕೈಯಲ್ಲಿದೆ ಎಂಬುದು ನನಗೆ ಮುಖ್ಯವೆನಿಸುತ್ತದೆ. ಒಂದೇ ಕಂಪನಿಯ ಎರಡು ಕೊಠಡಿಗಳು ಬೆಂಕಿಯಿಂದ ಪಾರಾದರೂ ಒಂದೇ ಬಜೆಟ್ ಕಡಿತದಿಂದ ಪಾರಾಗುವುದಿಲ್ಲ.

ಸ್ಕ್ಯಾನ್ ಬಗ್ಗೆ: ಎಲೆಕ್ಟ್ರಾನಿಕ್ ರೂಪದಲ್ಲಿ ಇಡಲು ನಿಯಮ ಅವಕಾಶ ಕೊಡುತ್ತದೆ, ಆದರೆ ಇಡೀ ಅವಧಿಯುದ್ದಕ್ಕೂ ಓದಬಲ್ಲ, ನಿಖರವಾದ, ಪೂರ್ಣ ಪ್ರತಿ ತೆಗೆಯಲು ಬರಬೇಕು, ಮೊಹರು, ಚುಟುಕು ಸಹಿ, ಪೂರ್ಣ ಸಹಿ ಎಲ್ಲವೂ ಅದರಲ್ಲಿ ಕಾಣಬೇಕು. ನಿಮ್ಮ ಸ್ಕ್ಯಾನ್‌ಗಳಲ್ಲಿ ಪೆನ್ಸಿಲಿನ ಚುಟುಕು ಸಹಿಗಳು ಮೂಡಿವೆಯೇ ಎಂದು ಹತ್ತು ಹಾಳೆ ತೆಗೆದು ನೋಡಿ.

ಅಂಚೆಮನೆ:

ಎಲ್ಲರಿಗೂ ವಂದನೆಗಳು. ಹತ್ತಲ್ಲ, ನಲವತ್ತು ಹಾಳೆ ನೋಡಿದೆ. ಹಿಂದಿನವರು ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರಿಂದ ಏಳು ಹಾಳೆಗಳಲ್ಲಿ ತಿಳಿನೀಲಿ ಶಾಯಿಯ ಸಹಿಗಳು ಮೂಡಿಯೇ ಇಲ್ಲ, ಮೂಲದಲ್ಲಿ ಸ್ಪಷ್ಟವಾಗಿವೆ. ನಾನು ಖಾಲಿ ಎಂದುಕೊಂಡ ಸಹಿಯ ಜಾಗ ಮಾತ್ರ ಮೂಲದಲ್ಲೂ ಖಾಲಿಯೇ. ಕೊಳದ ಗೂಡುಗಳ ನಕ್ಷೆ ನಮ್ಮ ಕೊಠಡಿಯಲ್ಲಿಲ್ಲ, ದೂರದ ಪ್ರತಿಯಲ್ಲಿದೆ. ಆ ಎರಡನೆಯ ಪರಿಶೀಲಕರು ಈಗಲೂ ಇದೇ ಊರಿನಲ್ಲಿದ್ದಾರೆ. ಅವರಿಂದ ಸಹಿ ಹಾಕಿಸಬಹುದೇ?

ಗುಣಪರೀಕ್ಷಕ:

ದಯವಿಟ್ಟು ಬೇಡ. ಇಂದು ಆ ಜಾಗದಲ್ಲಿ ಬೀಳುವ ಸಹಿ ಇಪ್ಪತ್ತು ವರ್ಷದ ಹಿಂದಿನದೆಂದು ಓದುಗರಿಗೆ ತೋರುತ್ತದೆ. ಅದು ಖಾಲಿ ಜಾಗಕ್ಕಿಂತ ದೊಡ್ಡ ತಪ್ಪು. ಹಾಳೆಯನ್ನು ಮುಟ್ಟದೆ, ಇಂದಿನ ದಿನಾಂಕ ಮತ್ತು ನಿಮ್ಮ ಹೆಸರಿನಲ್ಲಿ ನಿಮ್ಮ ಸ್ಥಾವರದ ದೋಷವರದಿ ವ್ಯವಸ್ಥೆಯಲ್ಲಿ ಕೊರತೆಯನ್ನು ದಾಖಲಿಸಿ. ಲೋಡಿಂಗ್ ದಿನದ ವಿಡಿಯೊ ಟೇಪ್ ಉಳಿದಿದ್ದರೆ ಇಬ್ಬರನ್ನು ಕೂರಿಸಿ ಅದರಿಂದ ಸಂಖ್ಯೆಗಳನ್ನು ಮತ್ತೆ ಓದಿಸಿ, ಆ ಫಲಿತಾಂಶವನ್ನು ಪ್ರತ್ಯೇಕ ಹಾಳೆಯಾಗಿ ಎರಡೂ ಪ್ರತಿಗಳಿಗೆ ಸೇರಿಸಿ. ಆ ಹಿರಿಯರ ನೆನಪನ್ನೂ ಹೇಳಿಕೆಯಾಗಿ ಬರೆಸಿಕೊಳ್ಳಬಹುದು, ಆದರೆ ನೆನಪು ಎಂದೇ ಬರೆಸಿ. ಅಲ್ಲಿಯವರೆಗೆ ದೂರದ ಕೊಠಡಿಯ ಒಂದು ಪೆಟ್ಟಿಗೆಯೂ ಕದಲದಂತೆ ನೋಡಿಕೊಳ್ಳಿ. ಟೇಪ್ ಇದ್ದರೆ ಅದನ್ನು ಓಡಿಸುವ ಯಂತ್ರ ಇದೆಯೇ ಎಂಬುದನ್ನು ಮೊದಲು ವಿಚಾರಿಸಿ.