ಮಗಳು ಸೇಬರ್ ಆಡ್ತೀನಿ ಅಂತಿದ್ದಾಳೆ, ಏನು ಮಾಡಲಿ?

ಪ್ರಶ್ನೆ, ರಾಜಾಜಿನಗರದ ಒಬ್ಬ ಅಮ್ಮನಿಂದ: ನಮಸ್ಕಾರ ಮೇಡಂ. ನನ್ನ ಮಗಳಿಗೆ 11 ವರ್ಷ. ಬೇಸಿಗೆ ಶಿಬಿರದಲ್ಲಿ ಎರಡು ವಾರ ಫೆನ್ಸಿಂಗ್, ಅಂದರೆ ಕತ್ತಿವರಸೆ ಆಟ, ಕಲಿತಳು. ಈಗ ಭರತನಾಟ್ಯ ಬಿಟ್ಟು ಸೇಬರ್ ಆಡ್ತೀನಿ, ಒಲಿಂಪಿಕ್ಸ್‌ಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಫಾಯಿಲ್, ಎಪೇ, ಸೇಬರ್ ಅಂತ ಮೂರು ಕತ್ತಿ ಇವೆಯಂತೆ, ನಮಗೆ ಒಂದೂ ಗೊತ್ತಿಲ್ಲ. ನೀವು ಹೊರದೇಶಗಳಲ್ಲಿ ಆಡಿ ಬಂದವರು. ಸೇಬರನ್ನೇ ಕೊಡಿಸಬಹುದಾ? ಇದರಲ್ಲಿ ಮುಂದೆ ಏನಾದರೂ ಇದೆಯಾ?

ಉತ್ತರ: ನಮಸ್ಕಾರ ಮೇಡಂ. ಮೊದಲು ಒಂದು ಮಾತು. ಭರತನಾಟ್ಯ ಬಿಡಿಸಬೇಡಿ. ಅರೆಮಂಡಿ ಕೂತು ಕೂತು ಗಟ್ಟಿಯಾದ ಕಾಲು ನಮ್ಮ ಆಟಕ್ಕೆ ತುಂಬಾ ಬೇಕು. ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು, ತಾಳ ತಪ್ಪದೆ ಹೆಜ್ಜೆ ಹಾಕುವುದು ಅವಳಿಗೆ ಆಗಲೇ ಬರುತ್ತದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಅಷ್ಟು ಕಲಿಸುವುದರಲ್ಲೇ ಒಂದು ವರ್ಷ ಹೋಗುತ್ತದೆ.

ಫಾಯಿಲ್‌ನಲ್ಲಿ ಕತ್ತಿಯ ತುದಿಯಿಂದ ಎದುರಾಳಿಯ ಮುಂಡಕ್ಕೆ ಮಾತ್ರ ಚುಚ್ಚಬೇಕು. ಎಪೇಯಲ್ಲೂ ತುದಿಯೇ, ಆದರೆ ಮೈಯಲ್ಲಿ ಎಲ್ಲಿ ಚುಚ್ಚಿದರೂ ಪಾಯಿಂಟ್. ಸೇಬರ್‌ನಲ್ಲಿ ಸೊಂಟದಿಂದ ಮೇಲೆ, ತಲೆ ತೋಳು ಸೇರಿ, ಹಸ್ತ ಬಿಟ್ಟು ಎಲ್ಲವೂ ಗುರಿ. ಅಲಗಿನಿಂದ ಹೊಡೆಯಬಹುದು, ತುದಿಯಿಂದ ಚುಚ್ಚಲೂಬಹುದು. ಕತ್ತಿ ಅರ್ಧ ಕೆಜಿ ದಾಟಬಾರದು ಅನ್ನುವುದು ನಿಯಮ. ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ ಒಂದು ಸಲ ಕೈಯಲ್ಲಿ ಹಿಡಿದು ನೋಡಿ, ತೂಕ ಅದನ್ನು ಮೀರುವುದಿಲ್ಲ.

ಆಡುವ ಪಟ್ಟಿ 14 ಮೀಟರ್ ಉದ್ದ. ಶುರುವಿಗೆ ಇಬ್ಬರ ನಡುವೆ 4 ಮೀಟರ್ ಅಂತರ. ರೆಫರಿ 'ಆಲೇ' (ಶುರು ಮಾಡಿ) ಅಂದರೆ ಎಷ್ಟೋ ಸಲ ಎರಡು ಮೂರು ಸೆಕೆಂಡಿನಲ್ಲೇ ಪಾಯಿಂಟ್ ಆಗಿಹೋಗುತ್ತದೆ. ಚುರುಕು ಮಕ್ಕಳಿಗೆ ಸೇಬರ್ ಹಿಡಿಸುವುದು ಅದಕ್ಕೇ. ಅವಳೇ ಆರಿಸಿಕೊಂಡಿದ್ದರೆ ಧೈರ್ಯವಾಗಿ ಸೇರಿಸಿ.

ಮುಂದೆ ಏನು ಅನ್ನುವ ಪ್ರಶ್ನೆ ಈಗ ಬೇಡ. 17ರ ಒಳಗಿನ ಕ್ಯಾಡೆಟ್, 20ರ ಒಳಗಿನ ಜೂನಿಯರ್, ಆಮೇಲೆ ಸೀನಿಯರ್, ದಾರಿ ದೊಡ್ಡದು. ಮೂರು ವರ್ಷ ಸುಮ್ನೆ ಆಡಲಿ. ಸೋತ ಮರುದಿನವೂ ತಾನಾಗಿ ಕಿಟ್ ಬ್ಯಾಗ್ ಹೆಗಲಿಗೆ ಹಾಕಿಕೊಂಡರೆ ಆಗ ಮಾತಾಡೋಣ.

ಪ್ರಶ್ನೆ, ಮಲ್ಲೇಶ್ವರದ ಒಬ್ಬ ತಾತನಿಂದ: ಮೊಮ್ಮಗನೂ ಇದನ್ನೇ ಆಡ್ತಾನಮ್ಮ. ತಲೆಗೇ ಹೊಡೀತಾರೆ. ಕಣ್ಣಿಗೆ ಏನಾದ್ರೂ ಆದ್ರೆ?

ಉತ್ತರ: ತಾತ, ಮಾಸ್ಕಿನ ಜಾಲರಿ ಕಣ್ಣು, ಮುಖವನ್ನು ಚೆನ್ನಾಗಿ ಕಾಯುತ್ತದೆ. ಮಾಸ್ಕ್ ಸರಿಯಾಗಿ ಕೂತಿದೆಯಾ, ಜಾಲರಿ ಎಲ್ಲೂ ತಗ್ಗಾಗಿಲ್ಲವಾ ಅಂತ ಆಗಾಗ ನೋಡಲು ಹೇಳಿ. ಮುಂದೋಳಿನ ಮೇಲೆ ನೇರಳೆ ಬಣ್ಣದ ಗೆರೆ ಏಳುವುದು ಮಾಮೂಲಿ, ನಾಲ್ಕು ದಿನಕ್ಕೆ ಹೋಗುತ್ತದೆ. ನನಗೆ ಜಾಸ್ತಿ ಭಯ ಹಿಮ್ಮಡಿ, ಮಂಡಿಯದ್ದು. ಮೊಸಾಯಿಕ್ ನೆಲದ ಮೇಲೆ, ಸವೆದ ಶೂ ಹಾಕಿಕೊಂಡು ಲಂಜ್ (ಮುಂಗಾಲು ಚಾಚಿ ಮುನ್ನುಗ್ಗುವುದು) ಮಾಡಲು ಬಿಡಬೇಡಿ.

ಪ್ರಶ್ನೆ, ನಾಗರಬಾವಿಯ ಒಬ್ಬ ಅಪ್ಪನಿಂದ: ಮೇಡಂ, ಮಗನಿಗೆ 15. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ರಾಜ್ಯ ಮಟ್ಟದಲ್ಲಿ ಆಡಿದ್ದಾನೆ. ಕೋಚ್ ಹೊರದೇಶದ ಟೂರ್ನಿಗೆ ಕಳಿಸಿ ಅಂತಾರೆ. ಸಾಲ ಮಾಡಿ ಕಳಿಸಬೇಕಾ?

ಉತ್ತರ: ಸಾಲ ಬೇಡ ಸರ್. ನನ್ನ ಮೊದಲ ಹೊರದೇಶದ ಟೂರ್ನಿಗೆ ಅಪ್ಪ ಚೀಟಿ ಎತ್ತಿ ದುಡ್ಡು ಕೊಟ್ಟಿದ್ದರು. ಪೂಲ್‌ನಲ್ಲಿ, ಅಂದರೆ ಮೊದಲ ಗುಂಪು ಸುತ್ತಿನಲ್ಲಿ, ಐದೈದು ಪಾಯಿಂಟಿನ ಆಟ. ಎಲ್ಲವನ್ನೂ ಸೋತು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಹೊರಡುವ ಸ್ಥಿತಿ. ಆ ಚೀಟಿಯ ಕಂತು ಇನ್ನೂ ಹದಿನಾಲ್ಕು ತಿಂಗಳು ಕಟ್ಟಬೇಕಿತ್ತು. ಕಂತಿನ ದಿನ ಬಂದಾಗಲೆಲ್ಲ ಅಪ್ಪನ ಮುಖ ನೋಡಲು ಆಗುತ್ತಿರಲಿಲ್ಲ. ಆಡುವಾಗಲೂ ಅದೇ ತಲೆಯಲ್ಲಿ. ಮಗುವಿನ ಹೆಗಲ ಮೇಲೆ ಆ ಭಾರ ಹೊರಿಸಬೇಡಿ. ಮೊದಲು ರಾಷ್ಟ್ರೀಯ ಮಟ್ಟದಲ್ಲಿ ಮೊದಲ ಎಂಟರೊಳಗೆ ಬರಲಿ.

ಭವಾನಿ ದೇವಿಯ ದಾರಿ ನೋಡಿ. ಚೆನ್ನೈನ ಹುಡುಗಿ, ಸೇಬರ್ ಆಟಗಾರ್ತಿ. 2004ರಲ್ಲಿ ಶಾಲೆಯಲ್ಲಿ ಶುರು ಮಾಡಿದಾಗ ಬಿದಿರಿನ ಕೋಲಿನಲ್ಲಿ ಅಭ್ಯಾಸ. ಆಮೇಲೆ ಕೇರಳದ ತಲಶ್ಶೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ, ಅಲ್ಲಿಂದ ಇಟಲಿಯ ಲಿವೊರ್ನೊ. ನಡುವೆ ಕೈಹಿಡಿದವರಲ್ಲಿ ನಮ್ಮ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ಕೂಡ ಒಂದು, ರಾಹುಲ್ ದ್ರಾವಿಡ್ ಹೆಸರಿನ ಯೋಜನೆಯ ಮೂಲಕ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದು 2021ರಲ್ಲಿ. ಭಾರತದಿಂದ ಫೆನ್ಸಿಂಗ್‌ಗೆ ಅರ್ಹತೆ ಪಡೆದವರಲ್ಲಿ ಅವರೇ ಮೊದಲಿಗರು. ಬಿದಿರಿನ ಕೋಲಿನಿಂದ ಅಲ್ಲಿಗೆ 17 ವರ್ಷ. ನಿಮ್ಮ ಮಗನಿಗೂ ಟೈಮ್ ಇದೆ ಸರ್. ಎಸ್‌ಎಸ್‌ಎಲ್‌ಸಿ ಚೆನ್ನಾಗಿ ಬರೆಯಲಿ. ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಮೂರು ದಿನ ಫುಟ್‌ವರ್ಕ್ ಬಿಡದಿದ್ದರೆ ಸಾಕು.

ಇನ್ನೊಂದು. ಅದೇ ಭವಾನಿ 14ನೇ ವಯಸ್ಸಿನಲ್ಲಿ ಟರ್ಕಿಯಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿಗೆ ಹೋದಾಗ ಮೂರು ನಿಮಿಷ ತಡವಾಯಿತು ಅಂತ ಕಪ್ಪು ಕಾರ್ಡ್ ತೋರಿಸಿ ಹೊರಗೆ ಹಾಕಿದರು. ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್ ಇತ್ತು ಅಂತ ಬರುವ ನನ್ನ ಮಕ್ಕಳಿಗೆಲ್ಲ ಇದನ್ನು ಹೇಳಿದ್ದೇನೆ. ಕಿಟ್ ವಿಷಯದಲ್ಲೂ ಅಷ್ಟೇ ಶಿಸ್ತು ಬೇಕು. ಮೇಲೆ ಹಾಕುವ ಲಮೇ ಜಾಕೆಟ್‌ನ ಲೋಹದ ಎಳೆಗೆ ಬೆವರಿನ ಉಪ್ಪು ಕೂತರೆ, ಅಲ್ಲಿ ಏಟು ಬಿದ್ದರೂ ಅದನ್ನು ತೋರಿಸುವ ಲೈಟ್ ಹತ್ತುವುದಿಲ್ಲ. ಬಕೆಟ್ ನೀರಿನಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ, ನೆರಳಲ್ಲಿ ಹ್ಯಾಂಗರ್‌ಗೆ ಹಾಕಿ. ಜುಲೈ ಮಳೆಯಲ್ಲಿ ಫ್ಯಾನ್ ಕೆಳಗೆ ಎರಡು ದಿನ ಬೇಕಾಗುತ್ತದೆ.

ಪ್ರಶ್ನೆ, ಎಂಟನೇ ಕ್ಲಾಸಿನ ಹುಡುಗಿ, ಅಮ್ಮನ ಫೋನಿನಿಂದ: ಅಕ್ಕಾ, ಇಬ್ಬರ ಲೈಟೂ ಹತ್ತುತ್ತೆ. ನಾನೇ ಮೊದಲು ಓಡಿರ್ತೀನಿ. ಆದ್ರೂ ರೆಫರಿ ಅವಳಿಗೇ ಪಾಯಿಂಟ್ ಕೊಡ್ತಾರೆ. ಯಾಕೆ?

ಉತ್ತರ: ಪುಟ್ಟಿ, ನಾನೂ ಇದೇ ಕಾರಣಕ್ಕೆ ಟಾಯ್ಲೆಟ್‌ನಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಜೂನಿಯರ್ ಪಂದ್ಯ, 4–4. ನನ್ನ ಏಟು ಬಿದ್ದಿತ್ತು, ಪಾಯಿಂಟ್ ಅವಳಿಗೆ ಹೋಯಿತು. ಎಷ್ಟೋ ದಿನ ರೆಫರಿಯನ್ನೇ ಬೈದುಕೊಂಡಿದ್ದೆ. ವಿಡಿಯೋ ನಿಧಾನಕ್ಕೆ ಹಾಕಿ ನೋಡಿದಾಗ ಗೊತ್ತಾಯಿತು, ನನ್ನ ಕಾಲು ಮುಂದೆ ಓಡುತ್ತಿತ್ತು, ಕೈ ಮಾತ್ರ ಮೊಣಕೈ ಮಡಚಿಕೊಂಡು ಕಿವಿಯ ಹತ್ತಿರವೇ ಇತ್ತು. ಅವಳ ಕೈ ಆಗಲೇ ನೀಳವಾಗಿ ನನ್ನ ಕಡೆ ಬರುತ್ತಿತ್ತು.

ಇಬ್ಬರ ಏಟೂ ಬಿದ್ದರೆ, ಅಟ್ಯಾಕ್ ಯಾರದ್ದೋ ಪಾಯಿಂಟ್ ಅವರಿಗೆ. ಸುಮ್ನೆ ಓಡಿದರೆ ಅಟ್ಯಾಕ್ ಆಗುವುದಿಲ್ಲ, ಕೈ ಚಾಚುತ್ತಾ ಗುರಿಯ ಕಡೆ ಹೋಗಬೇಕು. ಅವಳು ನಿನ್ನ ಕತ್ತಿ ತಡೆದು ತಿರುಗಿಸಿ ಹೊಡೆದರೆ, ಅಥವಾ ನಿನ್ನ ಏಟು ಗಾಳಿಗೆ ಹೋದರೆ, ಅಟ್ಯಾಕ್‌ನ ಹಕ್ಕು ಅವಳಿಗೆ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಹೊಡೆದರೆ ಯಾರಿಗೂ ಪಾಯಿಂಟ್ ಇಲ್ಲ.

2023ರ ಜೂನ್‌ನಲ್ಲಿ ಚೀನಾದ ವೂಷಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಆಯಿತಲ್ಲ, ಭವಾನಿ ಅಲ್ಲಿ ವಿಶ್ವ ಚಾಂಪಿಯನ್ ಜಪಾನಿನ ಮಿಸಾಕಿ ಎಮುರಾ ಅವರನ್ನು 15–10ರಲ್ಲಿ ಸೋಲಿಸಿದರು. ಸೆಮಿಫೈನಲ್‌ನಲ್ಲಿ 14–15, ಒಂದೇ ಒಂದು ಪಾಯಿಂಟಿನಿಂದ ಸೋತರು. ಆದರೂ ಕಂಚು ಬಂತು. ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಆ ಆಟದ ವಿಡಿಯೋ ಸಿಕ್ಕರೆ ಲೈಟ್ ನೋಡಬೇಡ. ಇಬ್ಬರಲ್ಲಿ ಯಾರ ಕೈ ಮೊದಲು ಚಾಚುತ್ತದೆ, ಅದನ್ನು ಮಾತ್ರ ನೋಡು.

ಈ ವಾರ ದಿನಾ ಹತ್ತು ನಿಮಿಷ ಗೋಡೆಗೆ ಒಂದು ಹಳೇ ದಿಂಬು ಕಟ್ಟಿ ಅಭ್ಯಾಸ ಮಾಡು. ಮೊದಲು ಕೈ, ಆಮೇಲೆ ಮುಂಗಾಲು. ಅಮ್ಮನಿಗೆ ಪಕ್ಕದಿಂದ ವಿಡಿಯೋ ತೆಗೆಯಲು ಹೇಳು, ಮೊಣಕೈ ಕಾಣಬೇಕು. ಭಾನುವಾರ ಇಲ್ಲೇ ಹಾಕು, ನೋಡಿ ಹೇಳುತ್ತೇನೆ.

ಅದೇ ಹುಡುಗಿ: ಸರಿ ಅಕ್ಕಾ. ದಿಂಬು ಸಿಕ್ತು. ಅಜ್ಜೀದು.